ತೊಲಕ್ಕೆ ಕಡಿಮೆ, ಹತ್ತು ರೂಪಾಯಿಗಿಂತ ಭಾರ: ಬಹಮನಿ ಬೆಳ್ಳಿ ಟಂಕವನ್ನು ಗುರುತಿಸಿ ಓದುವ ಬಗೆ

ರಾಯಚೂರು, ಮುದಗಲ್ಲು, ಲಿಂಗಸುಗೂರು, ಕನಕಗಿರಿ, ಗಂಗಾವತಿ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆ ತೆರೆದರೆ, ಕುಂಕುಮದ ಭರಣಿಯ ಕೆಳಗೆ, ಅರಿಸಿನ ಹತ್ತಿ ಹಳದಿಗಟ್ಟಿದ ಬಟ್ಟೆಯ ಗಂಟಿನಲ್ಲಿ ಅರಬ್ಬಿ ಅಕ್ಷರದ ಒಂದೆರಡು ಬೆಳ್ಳಿ ನಾಣ್ಯಗಳು ಸಿಗುವುದು ಅಪರೂಪವೇನಲ್ಲ. ಮನೆಯವರು ಅವನ್ನು ಬಾದಶಾಹಿ ರೂಪಾಯಿ ಎಂದೋ ನಿಜಾಮನ ರೂಪಾಯಿ ಎಂದೋ ಕರೆಯುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಎರಡನೆಯ ಹೆಸರೇ ಸರಿ. ಆದರೆ ಎಲ್ಲೋ ಒಂದು ನಾಣ್ಯ ಮಾತ್ರ ನಿಜಾಮನಿಗಿಂತ ನಾಲ್ಕೈದು ನೂರು ವರ್ಷ ಹಿಂದಿನದಾಗಿರುತ್ತದೆ. ದೆಹಲಿಯ ತುಘಲಕ್ ಸುಲ್ತಾನನ ವಿರುದ್ಧ ಬಂಡೆದ್ದ ದಖ್ಖನದ ಅಮೀರರು 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹನನ್ನು ಸಿಂಹಾಸನದ ಮೇಲೆ ಕೂಡಿಸಿದಾಗ, ಬಹಮನಿ ಎಂಬ ಈ ಹೊಸ ರಾಜ್ಯವು ಸ್ವತಂತ್ರವಾಯಿತೆಂದು ಲೋಕಕ್ಕೆ ಸಾರಿದ ಗುರುತುಗಳು ಎರಡು: ಶುಕ್ರವಾರದ ಪ್ರಾರ್ಥನೆಯಲ್ಲಿ ಓದಲಾದ ಹೊಸ ದೊರೆಯ ಹೆಸರು, ಮತ್ತು ಕಮ್ಮಟದಲ್ಲಿ ಅಚ್ಚಾದ ಹೊಸ ಬೆಳ್ಳಿ ಟಂಕ. ಈ ಬರಹ ಆ ಟಂಕವನ್ನು ಮನೆಯಲ್ಲೇ ಗುರುತಿಸಿ, ತೂಗಿ, ಅರಬ್ಬಿ ಬಾರದವರೂ ಅದರ ದೊರೆಯ ಹೆಸರನ್ನು ಹಿಡಿಯುವ ಕ್ರಮವನ್ನು ಕುರಿತದ್ದು.

ಎಲ್ಲಕ್ಕೂ ಮೊದಲು: ತೊಳೆಯಬೇಡಿ

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ನನ್ನ ತಪ್ಪು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಇದ್ದ ಒಂದು ಟಂಕವು ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಹೊರಗೆ ಬರುತ್ತಿತ್ತು. ಒಂದು ವರ್ಷ ಅದು ಕಪ್ಪಗಾಗಿದೆಯೆಂದು ನಾನೇ ಹುಣಸೆಹಣ್ಣು ಮತ್ತು ಒಲೆಯ ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ತಟ್ಟೆಯಂತೆ ಹೊಳೆಯುವವರೆಗೆ ಬಿಡಲಿಲ್ಲ. ನಾಣ್ಯ ಹೊಳೆಯಿತು. ಅಂಚಿನಲ್ಲಿದ್ದ ಇಸವಿಯ ಕೊನೆಯ ಅಂಕೆ ಹೋಯಿತು. ಅದರ ಬೆಲೆ ಎಷ್ಟೆಂದು ಆಗ ತಿಳಿಯಲಿಲ್ಲ; ಅದನ್ನು ಮುಂದೆ ಹೇಳುತ್ತೇನೆ.

ಬೆಳ್ಳಿಯ ಮೇಲಿನ ಕಪ್ಪು ಬಣ್ಣವು ಕೊಳೆಯಲ್ಲ, ಗಾಳಿಯ ಗಂಧಕದೊಡನೆ ಬೆಳ್ಳಿಯೇ ಕೂಡಿ ಆದ ಪದರ. ಮಣ್ಣಿನಲ್ಲಿ ಹೂತಿದ್ದ ನಾಣ್ಯದ ಮೇಲೆ ಬೂದು ಬಣ್ಣದ, ಮೇಣದಂಥ ಮತ್ತೊಂದು ಪದರ ಕಟ್ಟಿರುತ್ತದೆ. ಅದು ಮಣ್ಣಿನ ಉಪ್ಪಿನೊಡನೆ ಬೆಳ್ಳಿ ಕೂಡಿ ಆದದ್ದು. ಎರಡೂ ಪದರಗಳು ನಾಣ್ಯದ ಬೆಳ್ಳಿಯನ್ನೇ ತಿಂದು ಬೆಳೆದವು. ಆದ್ದರಿಂದ ಅಕ್ಷರದ ಮೇಲ್ಮೈ ಎಷ್ಟೋ ಸಲ ಆ ಪದರದೊಳಗೇ ಉಳಿದಿರುತ್ತದೆ, ಪದರವನ್ನು ಕೆರೆದರೆ ಅಕ್ಷರವೂ ಅದರ ಜೊತೆಗೆ ಹೋಗುತ್ತದೆ. ಹುಣಸೆ, ನಿಂಬೆ, ವಿಭೂತಿ, ಇಟ್ಟಿಗೆ ಪುಡಿ, ಹಲ್ಲುಜ್ಜುವ ಪೇಸ್ಟು, ಪತ್ತಾರರ ಆಸಿಡ್ ಯಾವುದೂ ಕೂಡದು. ಮಣ್ಣು ಮೆತ್ತಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಳೆಯ ಮೆತ್ತನೆಯ ಬ್ರಷ್ಷಿನಿಂದ ಒತ್ತದೆ ಸವರಿ, ಹತ್ತಿಬಟ್ಟೆಯ ಮೇಲೆ ಒರೆಸದೆ ಆರಲು ಬಿಟ್ಟರೆ ಸಾಕು. ಎಣ್ಣೆ ಕುಂಕುಮ ಹತ್ತಿದ್ದರೆ ಬಾಗಿಲು ತೆರೆದಿಟ್ಟು, ಬೆಂಕಿಯಿಂದ ದೂರ ಕುಳಿತು, ಗಾಜಿನ ಬಟ್ಟಲಿನಲ್ಲಿ ಅಸಿಟೋನ್ ಹಾಕಿ ಅದ್ದಿ ತೆಗೆಯಬಹುದು. ಅದು ಎಣ್ಣೆಯನ್ನು ಕರಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ.

ತೂಕ ಮತ್ತು ಅಗಲ

ಬೇಕಾದ ಸಾಮಗ್ರಿ ಹೆಚ್ಚಿಲ್ಲ: 0.01 ಗ್ರಾಂವರೆಗೆ ತೋರಿಸುವ ಕಿಸೆ ತಕ್ಕಡಿ, ಹತ್ತು ಪಟ್ಟು ದೊಡ್ಡದು ಮಾಡುವ ಪತ್ತಾರರ ಭೂತಗನ್ನಡಿ, ಪ್ಲಾಸ್ಟಿಕ್ ಕ್ಯಾಲಿಪರ್ ಮತ್ತು ಒಂದು ಗಾಜಿನ ಲೋಟ. ಲೋಹದ ಕ್ಯಾಲಿಪರ್ ಬೇಡ, ಅದು ಅಂಚನ್ನು ಗೀರುತ್ತದೆ. ತಕ್ಕಡಿಯನ್ನು ನಂಬುವ ಮೊದಲು ಅದರ ಮೇಲೆ 2019ಕ್ಕೆ ಮುಂಚಿನ ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯವನ್ನಿಟ್ಟು ನೋಡಿ. ಹೆಚ್ಚು ಸವೆಯದಿದ್ದರೆ 7.71 ಗ್ರಾಂ ಆಸುಪಾಸು ತೋರಿಸಬೇಕು.

ಅದೇ ಹತ್ತು ರೂಪಾಯಿ ನಾಣ್ಯ ಇನ್ನೊಂದು ಕೆಲಸಕ್ಕೂ ಒದಗುತ್ತದೆ. ಅದರ ಅಗಲ 27 ಮಿಲಿಮೀಟರು. ಬಹಮನಿ ಟಂಕವೂ ಹೆಚ್ಚುಕಡಿಮೆ ಅಷ್ಟೇ ಅಗಲ, ಆದರೆ ಪೂರ್ತಿ ಗುಂಡಗಿರುವುದಿಲ್ಲ, ದಪ್ಪ ಹೆಚ್ಚು, ತೂಕ ಸುಮಾರು 11 ಗ್ರಾಂ. ಒಂದು ಅಂಗೈಯಲ್ಲಿ ಇದನ್ನೂ ಇನ್ನೊಂದರಲ್ಲಿ ಅದನ್ನೂ ಹಿಡಿದರೆ ಕಣ್ಣುಮುಚ್ಚಿಯೂ ವ್ಯತ್ಯಾಸ ತಿಳಿಯುತ್ತದೆ. ದೆಹಲಿ ಸುಲ್ತಾನರಿಂದ ಬಂದ ಅಳತೆಯ ಪ್ರಕಾರ ಟಂಕವು 96 ಗುಲಗಂಜಿ ತೂಕದ್ದು. ಗುಲಗಂಜಿಯೆಂಬುದು ಬಳ್ಳಿಯ ಬೀಜವೇ ಆದುದರಿಂದ ಕಾಲದೇಶಗಳಿಗೆ ತಕ್ಕಂತೆ ಅದರ ತೂಕ ಜಾರುತ್ತಲೇ ಬಂದಿದೆ. ಹಾಗಾಗಿಯೇ ಮುಂದೆ ಬ್ರಿಟಿಷರು ನಿಗದಿ ಮಾಡಿದ 96 ಗುಲಗಂಜಿಯ ತೊಲವು 11.66 ಗ್ರಾಂ ಆಯಿತು, ಟಂಕವು ಅದಕ್ಕಿಂತ ಕೊಂಚ ಹಗುರಾಗಿಯೇ ಉಳಿಯಿತು. ಒಂದು ಎಚ್ಚರಿಕೆ: ನಮ್ಮ ಕಡೆಯ ಅಂಗಡಿಗಳಲ್ಲಿ ಈಗ ತೊಲ ಎಂದರೆ ಹತ್ತು ಗ್ರಾಂ ಎಂದೇ ವ್ಯವಹಾರ. ಆದ್ದರಿಂದ ಪತ್ತಾರರು ‘ತೊಲಕ್ಕಿಂತ ಜಾಸ್ತಿ ಐತಿ’ ಎಂದರೆ ಯಾವ ತೊಲ ಎಂದು ಕೇಳಿಕೊಳ್ಳಬೇಕು, ತೂಕವನ್ನು ಗ್ರಾಮಿನಲ್ಲೇ ಬರೆದುಕೊಳ್ಳಬೇಕು.

ಚೆನ್ನಾಗಿ ಉಳಿದ ಟಂಕ 10.8ರಿಂದ 11.1 ಗ್ರಾಂ ನಡುವೆ ತೂಗುತ್ತದೆ. ಸವೆದದ್ದು ಇನ್ನೂ ಸ್ವಲ್ಪ ಇಳಿಯಬಹುದು. ಒಂಬತ್ತೂವರೆ ಗ್ರಾಂಗೆ ಇಳಿದಿದ್ದರೆ ಅಂಚು ಕತ್ತರಿಸಿದ್ದಾರೆಯೇ, ಸರಕ್ಕೆ ಪೋಣಿಸಲು ತೂತು ಕೊರೆದಿದ್ದಾರೆಯೇ ಎಂದು ಮೊದಲು ನೋಡಿ, ಅದೆರಡೂ ಇಲ್ಲದಿದ್ದರೆ ಅನುಮಾನಿಸಿ. ಟಂಕದ ಭಾಗಗಳಾಗಿ ಅಚ್ಚಾದ ಚಿಕ್ಕ ಬೆಳ್ಳಿ ನಾಣ್ಯಗಳೂ ಇವೆ, ಆದರೆ ವಿರಳ.

ತುಂಗಭದ್ರಾ ಹೊಳೆಯ ದಕ್ಷಿಣ ದಂಡೆಯ ವಿಜಯನಗರದಲ್ಲಿ ಲೆಕ್ಕವೇ ಬೇರೆ ಇತ್ತು. ಅಲ್ಲಿ ವ್ಯವಹಾರದ ಬೆನ್ನೆಲುಬು ಚಿನ್ನದ ವರಹ ಮತ್ತು ಪಣ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಬೆಳ್ಳಿ ನಾಣ್ಯವನ್ನು ‘ತಾರ’ ಎಂದು ಹೆಸರಿಸಿ, ಅದು ಪಣದ ಆರನೆಯ ಒಂದು ಪಾಲು, ತಾಮ್ರದ ಜೀತಲ ತಾರದ ಮೂರನೆಯ ಒಂದು ಪಾಲು ಎಂದು ಬರೆದಿದ್ದಾನೆ. ತಾರವು ಕಿರುಬೆರಳ ಉಗುರಿನಷ್ಟು ಚಿಕ್ಕದು, ಸಾಮಾನ್ಯವಾಗಿ ನಾಗರಿ ಇಲ್ಲವೇ ಕನ್ನಡ ಅಕ್ಷರದ್ದು. ಅಂದಮೇಲೆ ಹಂಪಿಯ ಆಸುಪಾಸಿನವರ ಕೈಗೆ ದೊಡ್ಡ ಅರಬ್ಬಿ ಟಂಕ ಸಿಕ್ಕರೆ ಅದು ವಿಜಯನಗರದ್ದು ಎಂದು ಹೇಳುವುದಕ್ಕೆ ಆಧಾರವಿಲ್ಲ. ಅದು ಹೊಳೆ ದಾಟಿ ಬಂದದ್ದು.

ಹೊಳೆ ದಾಟಿದ ಬೆಳ್ಳಿಯ ಕತೆ ಸರಳವೂ ಅಲ್ಲ. ಬಿಜಾಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫರಿಷ್ತಾ ಹೇಳುವಂತೆ, ಬಹಮನಿಗಳ ಎರಡನೆಯ ದೊರೆ ಮಹಮ್ಮದ್ ಶಾಹನ ಹೊಸ ನಾಣ್ಯಗಳನ್ನು ಚಿನಿವಾರರು, ಅಂದರೆ ಹಣ ಬದಲಾಯಿಸಿಕೊಡುವವರು, ವಿಜಯನಗರ ಮತ್ತು ವರಂಗಲ್ಲಿನ ಅರಸರ ಪ್ರೇರಣೆಯಿಂದ ಕರಗಿಸತೊಡಗಿದರು. ಎಷ್ಟು ಎಚ್ಚರಿಸಿದರೂ ನಿಲ್ಲಲಿಲ್ಲ. 1360ರಲ್ಲಿ ಸುಲ್ತಾನನು ರಾಜ್ಯದಾದ್ಯಂತ ಒಂದೇ ದಿನ ಅವರನ್ನು ಕೊಲ್ಲಿಸಿ, ಉತ್ತರದಿಂದ ಬಂದಿದ್ದ ಖತ್ರಿಗಳಿಗೆ ಆ ಕಸಬನ್ನು ವಹಿಸಿದನು. ಫರಿಷ್ತಾ ಬರೆದದ್ದು ಎರಡೂವರೆ ಶತಮಾನದ ಆಮೇಲೆ, ಅದೂ ಸುಲ್ತಾನರ ಪಕ್ಷದಿಂದ. ಅದನ್ನು ನೆನಪಿಟ್ಟು ಓದಬೇಕು. ಆದರೆ ಬೆಳ್ಳಿಯ ಗಣಿಯಿಲ್ಲದ ನಾಡಿನಲ್ಲಿ ಚೊಕ್ಕ ಬೆಳ್ಳಿಯ ಟಂಕವು ನಾಣ್ಯವಾಗಿರುವುದಕ್ಕಿಂತ ಕರಗಿಸಿದ ಬೆಳ್ಳಿಗಟ್ಟಿಯಾಗಿ ಹೆಚ್ಚು ಆಸೆ ಹುಟ್ಟಿಸುತ್ತಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ನೀರಿನ ಪರೀಕ್ಷೆ

ಒರೆಗಲ್ಲಿಗೆ ತಿಕ್ಕಿದರೆ ನಾಣ್ಯಕ್ಕೆ ಗಾಯವಾಗುತ್ತದೆ. ಅದರ ಬದಲು ನೀರಿನಲ್ಲಿ ತೂಗಬೇಕು. ಗಾಜಿನ ಲೋಟಕ್ಕೆ ಮುಕ್ಕಾಲು ಭಾಗ ನೀರು ತುಂಬಿ ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡುವ ಗುಂಡಿ ಒತ್ತಿ. ತೆಳ್ಳನೆಯ ನೈಲಾನ್ ದಾರದಿಂದ ನಾಣ್ಯವನ್ನು ಕಟ್ಟಿ, ಲೋಟದ ತಳವನ್ನೂ ಗೋಡೆಯನ್ನೂ ಮುಟ್ಟದಂತೆ, ಪೂರ್ತಿ ಮುಳುಗುವಂತೆ ಕೈಯಲ್ಲಿ ತೂಗುಬಿಡಿ. ತಕ್ಕಡಿ ಈಗ ತೋರಿಸುವ ಅಂಕೆಯು ನಾಣ್ಯವು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಗಾಳಿಯಲ್ಲಿ ತೂಗಿದ ತೂಕವನ್ನು ಅದರಿಂದ ಭಾಗಿಸಿದರೆ ಲೋಹದ ಸಾಂದ್ರತೆ ಬರುತ್ತದೆ.

ನಮ್ಮ ಮನೆಯ ಟಂಕದ ಲೆಕ್ಕವನ್ನೇ ಕೊಡುತ್ತೇನೆ. ಗಾಳಿಯಲ್ಲಿ ಅದು 10.94 ಗ್ರಾಂ, ನೀರಿನಲ್ಲಿ ತೂಗುಬಿಟ್ಟಾಗ ತಕ್ಕಡಿ 1.06 ತೋರಿಸಿತು, 10.94ನ್ನು 1.06ರಿಂದ ಭಾಗಿಸಿದರೆ 10.32. ಶುದ್ಧ ಬೆಳ್ಳಿಯದು 10.49, ತಾಮ್ರದ್ದು 8.96, ಹಿತ್ತಾಳೆಯದು 8.5ರ ಆಸುಪಾಸು, ಸೀಸದ್ದು 11.34. ಆದ್ದರಿಂದ 10.2ರಿಂದ 10.5ರ ನಡುವೆ ಬಂದರೆ ಒಳ್ಳೆಯ ಬೆಳ್ಳಿ ಎಂದು ತಿಳಿಯಬಹುದು. ಬಳ್ಳಾರಿಯಲ್ಲಿ ಒಬ್ಬ ಚಿಲ್ಲರೆ ವ್ಯಾಪಾರಿ ನನಗೆ ‘ಗುಲಬರ್ಗಾ ಸುಲ್ತಾನರದು’ ಎಂದು ಪ್ರಮಾಣ ಮಾಡಿ ಮಾರಿದ ಇನ್ನೊಂದು ನಾಣ್ಯ ಗಾಳಿಯಲ್ಲಿ 10.60, ನೀರಿನಲ್ಲಿ 1.24 ತೋರಿಸಿತು. ಭಾಗಿಸಿದರೆ 8.55. ಬೆಳ್ಳಿಯ ಮುಲಾಮು ಹಚ್ಚಿದ ಹಿತ್ತಾಳೆ.

ತಕ್ಕಡಿ 0.01 ಗ್ರಾಂ ಆಚೀಚೆ ತೋರಿಸಿದರೂ ಸಾಂದ್ರತೆ 0.1ರಷ್ಟು ಜಾರುತ್ತದೆ. ಮೂರು ಸಲ ತೂಗಿ ನಡುವಿನ ಅಂಕೆಯನ್ನು ಹಿಡಿಯಿರಿ. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆಗಳನ್ನು ಬ್ರಷ್ಷಿನ ತುದಿಯಿಂದ ಬಿಡಿಸದಿದ್ದರೆ ಒಳ್ಳೆಯ ಬೆಳ್ಳಿಯೂ ಖೋಟಾದಂತೆ ಕಾಣುತ್ತದೆ.

ಅಚ್ಚು ಹೊಡೆದದ್ದೋ ಎರಕ ಹೊಯ್ದದ್ದೋ

ಲೋಹ ಸರಿಯಿದ್ದ ಮಾತ್ರಕ್ಕೆ ನಾಣ್ಯ ಹಳೆಯದಾಗಬೇಕೆಂದಿಲ್ಲ. ಬೆಳ್ಳಿಯಲ್ಲೇ ಎರಕ ಹೊಯ್ದ ನಕಲುಗಳಿವೆ. ಟಂಕಸಾಲೆಯಲ್ಲಿ ಬೆಳ್ಳಿಯ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹೊಡೆತಕ್ಕೆ ಲೋಹ ಅಕ್ಷರದ ಗುಂಡಿಗಳೊಳಗೆ ನುಗ್ಗುವುದರಿಂದ ಅಕ್ಷರದ ಬದಿಗಳು ಕಡಿದಂತೆ ನಿಂತಿರುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನ ಕಡೆಗೆ ಲೋಹ ಹರಿದ ಸಣ್ಣ ಗೆರೆಗಳೂ, ಅಂಚಿನಲ್ಲಿ ಒಂದೆರಡು ಸೀಳುಗಳೂ ಕಾಣಬಹುದು. ಎರಕದ್ದರಲ್ಲಿ ಅಕ್ಷರಗಳು ಸಾಬೂನಿನ ಮೇಲೆ ಬರೆದಂತೆ ಮೊಂಡು, ಮೈತುಂಬ ಸೂಜಿಮೊನೆಯಷ್ಟು ಕುಳಿಗಳು, ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು.

ಹಾಗೆಯೇ ಮುಖದ ಮೇಲೋ ಅಂಚಿನಲ್ಲೋ ಉಳಿಯ ಚಿಕ್ಕ ಕಚ್ಚು ಕಂಡರೆ ಬೇಸರಪಡಬೇಡಿ. ಅದು ಸರಾಫರು ಒಳಗೆ ತಾಮ್ರವಿದೆಯೇ ಎಂದು ನೋಡಲು ಹಾಕಿದ್ದು. ಕಚ್ಚಿನೊಳಗೂ ಬೆಳ್ಳಿಯೇ ಕಾಣುತ್ತಿದ್ದರೆ, ಆರುನೂರು ವರ್ಷದ ಹಿಂದೆ ಒಬ್ಬ ಜಾಣ ನಿಮ್ಮ ಪರವಾಗಿ ಪರೀಕ್ಷೆ ಮುಗಿಸಿದ್ದಾನೆ. ಬೆಸುಗೆಯ ಕಲೆಯಿದ್ದರೆ ಅದು ಯಾರದೋ ಕಾಸಿನ ಸರದಲ್ಲೋ ಲಂಬಾಣಿ ಹೆಂಗಸಿನ ಒಡವೆಯಲ್ಲೋ ಇದ್ದು ಬಂದದ್ದು. ಬೆಸುಗೆಯನ್ನು ಬಿಡಿಸಲು ಹೋಗಬಾರದು.

ದಾರಿ ತಪ್ಪಿಸುವ ನೆಂಟರು

ರಾಯಚೂರು ಮತ್ತು ಕೊಪ್ಪಳ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಓಡಾಡುತ್ತಿದ್ದ ನಿಜಾಮನ ಹಾಲಿ ಸಿಕ್ಕಾ ರೂಪಾಯಿಯ ತೂಕ 11.18 ಗ್ರಾಂ. ಬಹಮನಿ ಟಂಕಕ್ಕೆ ಇಷ್ಟು ಹತ್ತಿರದ ತೂಕದ್ದಾದ್ದರಿಂದ ತಕ್ಕಡಿಯೊಂದನ್ನೇ ನಂಬಿದವರು ಇಲ್ಲಿ ಎಡವುತ್ತಾರೆ. ಇಪ್ಪತ್ತನೆಯ ಶತಮಾನದ ಹಾಲಿ ರೂಪಾಯಿಯಲ್ಲಿ ಚಾರ್‌ಮಿನಾರ್ ಇರುವುದರಿಂದ ಗುರುತಿಸುವುದು ಸುಲಭ. ಅದಕ್ಕೂ ಹಿಂದಿನವುಗಳಲ್ಲಿ ಬರೀ ಪಾರಸಿ ಬರಹವಿದೆ. ಬಳ್ಳಾರಿ 1800ರಿಂದ ಕಂಪನಿಯ ಮದರಾಸಿನ ಆಡಳಿತಕ್ಕೆ ಸೇರಿದ್ದರಿಂದ ಆ ಕಡೆ ಆರ್ಕಾಟ್ ರೂಪಾಯಿ ಹೆಚ್ಚು. ಅದರ ಮೇಲೂ ಮೊಗಲ್ ಬಾದಶಾಹನ ಹೆಸರು ಪಾರಸಿಯಲ್ಲೇ ಇದೆ.

ಇವೆಲ್ಲವನ್ನೂ ಬೇರ್ಪಡಿಸುವ ಒಂದು ಉಪಾಯ ಇಸವಿಯ ಅಂಕೆಗಳನ್ನು ಎಣಿಸುವುದು. ಬಹಮನಿ ಸುಲ್ತಾನರ ಕಾಲ ಮುಸ್ಲಿಮರ ಚಾಂದ್ರಮಾನ ಶಕವಾದ ಹಿಜರಿಯ 748ರಿಂದ ಸುರುವಾಗುತ್ತದೆ, ಅವರ ಬೆಳ್ಳಿ ಟಂಕಗಳ ಇಸವಿಗಳು ಸಾವಿರದೊಳಗಿನವು, ಅಂದರೆ ಮೂರು ಅಂಕೆ. ಮೊಗಲರ, ಆರ್ಕಾಟಿನ, ನಿಜಾಮರ ರೂಪಾಯಿಗಳಲ್ಲಿ ಇಸವಿ ಸಾವಿರ ದಾಟಿರುತ್ತದೆ, ನಾಲ್ಕು ಅಂಕೆ. ಇನ್ನು ರಾಮಸೀತೆಯರ ಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕಗಳು ಹೆಸರಿನಲ್ಲಿ ಮಾತ್ರ ಟಂಕ. ಅವು ಪೂಜೆಯ ಬಿಲ್ಲೆಗಳು, ಅವುಗಳ ಮೇಲೆ ಯಾವ ಇಸವಿ ಇದ್ದರೂ ನಂಬಬೇಕಿಲ್ಲ.

ಅಕ್ಷರ ಬಾರದೆಯೂ ಹೆಸರು ಹಿಡಿಯುವುದು

ನಾಣ್ಯವನ್ನು ಬೂದುಬಣ್ಣದ ಕಾಗದದ ಮೇಲಿಟ್ಟು, ಕಿಟಕಿಯ ಬೆಳಕು ಒಂದೇ ಪಕ್ಕದಿಂದ, ಓರೆಯಾಗಿ ಬೀಳುವಂತೆ ಮಾಡಿ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ನಮ್ಮ ಬಿಸಿಲಿನಲ್ಲಿ ನೆತ್ತಿಯ ಮೇಲಿನ ಬೆಳಕು ಎಲ್ಲವನ್ನೂ ಬಿಳಿಚುತ್ತದೆ. ಬೆಳಿಗ್ಗೆ ಏಳೂವರೆ ಇಲ್ಲವೇ ಸಂಜೆ ಐದೂವರೆಯ ಬೆಳಕೇ ಸರಿ. ನಾಣ್ಯವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನಾಲ್ಕು ಚಿತ್ರ ತೆಗೆದರೆ ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ನೆರಳಾಗಿ ಎದ್ದು ಬರುತ್ತದೆ.

ಬರಹ ಬಲದಿಂದ ಎಡಕ್ಕೆ ಹೋಗುತ್ತದೆ. ಸಾಲುಗಳು ಒಂದರ ಮೇಲೊಂದು ಪೇರಿಸಿದಂತಿರುತ್ತವೆ, ಎಷ್ಟೋ ಸಲ ಕೆಳಗಿನಿಂದ ಮೇಲಕ್ಕೂ ಓದಬೇಕಾಗುತ್ತದೆ. ಚುಕ್ಕೆಗಳನ್ನು ಅಚ್ಚು ಕೆತ್ತುವವನು ಬಹಳ ಕಡೆ ಬಿಟ್ಟುಬಿಟ್ಟಿರುತ್ತಾನೆ, ಅಥವಾ ಖಾಲಿ ಜಾಗ ತುಂಬಲು ಬೇಡದ ಕಡೆ ಇಟ್ಟಿರುತ್ತಾನೆ. ಈ ಕಾರಣದಿಂದ ಉರ್ದು ಚೆನ್ನಾಗಿ ಬಲ್ಲವರೂ ಮೊದಲ ನೋಟಕ್ಕೆ ತಡವರಿಸುತ್ತಾರೆ. ರಾಯಚೂರಿನ ಉರ್ದು ಮೇಷ್ಟ್ರೊಬ್ಬರು ನನ್ನ ನಾಣ್ಯವನ್ನು ಹತ್ತು ನಿಮಿಷ ತಿರುಗಿಸಿ ನೋಡಿ, ‘ಇದು ಓದೋದಲ್ಲ, ಬಿಡಿಸೋದು’ ಎಂದರು. ಅವರಿಂದ ಕಲಿತ ಕ್ರಮವೇ ಮುಂದಿನದು.

ಮೊದಲು ‘ಸುಲ್ತಾನ್’ ಎಂಬ ಪದವನ್ನು ಹುಡುಕಿ. ಅದರ ಕೊನೆಯ ಅಕ್ಷರವು ಬಟ್ಟಲಿನಂತೆ ಬಾಯಿ ತೆರೆದ ದೊಡ್ಡ ಬಾಗು. ಅದರ ಹತ್ತಿರವೇ ‘ಶಾಹ್’ ಇರಬೇಕು: ಗರಗಸದಂಥ ಮೂರು ಹಲ್ಲು, ಆಮೇಲೆ ಒಂದು ನೆಟ್ಟನೆಯ ಕಂಬ, ಕೊನೆಯಲ್ಲೊಂದು ಪುಟ್ಟ ಗಂಟು. ಶಾಹ್ ಸಿಕ್ಕಿತೆಂದರೆ ಅದರ ಹಿಂದಿನ, ಅಂದರೆ ಬಲಗಡೆಯ ಪದವೇ ದೊರೆಯ ಹೆಸರು. ಬೆಳ್ಳಿ ಟಂಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರುಗಳು ಬೆರಳೆಣಿಕೆಯಷ್ಟೇ. ‘ಅಹಮದ್’ ಆದರೆ ಹೆಸರಿನ ಮೊದಲಲ್ಲಿ ಯಾರಿಗೂ ಅಂಟದ ಒಂಟಿ ಕಂಬ ನಿಂತಿರುತ್ತದೆ. ‘ಮಹಮ್ಮದ್’ ಆದರೆ ಅಂಥ ಕಂಬವಿಲ್ಲ, ಎಲ್ಲವೂ ಒಂದೇ ಎಳೆಯಲ್ಲಿ ಹೆಣೆದಿರುತ್ತದೆ. ‘ಮಹಮೂದ್’ ಮತ್ತು ‘ಮಹಮ್ಮದ್’ ಅವಳಿಗಳಂತಿದ್ದರೂ ಮಹಮೂದ್‌ನಲ್ಲಿ ಕೊನೆಯ ಅಕ್ಷರಕ್ಕೆ ಮುಂಚೆ ತಲೆಗೊಂದು ಗಂಟು, ಕೆಳಗೊಂದು ಬಾಲವಿರುವ ಅಕ್ಷರ ಹೆಚ್ಚುವರಿಯಾಗಿ ಬರುತ್ತದೆ. ‘ಫಿರೋಜ್’ ಆದರೆ ಸಾಲಿನಿಂದ ಕೆಳಕ್ಕೆ ಇಳಿಬಿಟ್ಟ ಮೂರು ಬಾಲಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ. ಕುರಿಮಂದೆ ನೀರಿಗೆ ಬಾಗಿದಂತೆ. ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ.

ಹೆಸರು ಸಿಕ್ಕ ಮೇಲೆ ಬಿರುದನ್ನು ತಾಳೆ ನೋಡಬೇಕು. ಮೊದಲ ದೊರೆ ಬಹಮನ್ ಶಾಹನ ಟಂಕವು ಅವನನ್ನು ‘ಸಿಕಂದರ್ ಸಾನಿ’, ಎರಡನೆಯ ಅಲೆಕ್ಸಾಂಡರ್, ಎಂದು ಕರೆಯುತ್ತದೆ. ದೆಹಲಿಯಲ್ಲಿ ಅಲಾವುದ್ದೀನ್ ಖಿಲ್ಜಿ ಧರಿಸಿದ್ದ ಬಿರುದು ಅದು. ಹೆಸರೂ ಅದೇ ಆಗಿರುವುದರಿಂದ ಇವನು ಬೇಕೆಂದೇ ಎತ್ತಿಕೊಂಡಂತೆ ತೋರುತ್ತದೆ, ದೆಹಲಿಯಿಂದ ಬೇರೆಯಾದವನು ದೆಹಲಿಯ ಅಂಗಿಯನ್ನೇ ತೊಟ್ಟ ಹಾಗೆ. 1397ರಿಂದ 1422ರವರೆಗೆ ಆಳಿದ ಫಿರೋಜ್ ಶಾಹನ ಟಂಕದ ಒಂದು ಮುಖ ‘ಸುಲ್ತಾನುಲ್ ಅಹದ್ ವಜ್ಜಮಾನ್’, ಯುಗಕ್ಕೂ ಕಾಲಕ್ಕೂ ಒಡೆಯ, ಎಂದು ತೊಡಗಿ, ಕರುಣಾಳುವಿನ ಬೆಂಬಲವನ್ನು ನಂಬಿದವನು ಎಂದು ಮುಂದುವರಿಯುತ್ತದೆ. ಇನ್ನೊಂದು ಮುಖದಲ್ಲಿ ‘ತಾಜುದ್ದುನ್ಯಾ ವದ್ದೀನ್’, ಲೋಕಕ್ಕೂ ಧರ್ಮಕ್ಕೂ ಕಿರೀಟ, ಎಂಬ ಬಿರುದಿನ ಜೊತೆ ಅವನ ಹೆಸರಿದೆ. ನನ್ನ ನಾಣ್ಯ ಇವನದೇ.

ಅಂಚಿನ ಸುತ್ತ ಓಡುವ ಬರಹದಲ್ಲಿ ‘ಜರಬ್’, ಅಂದರೆ ಅಚ್ಚು ಹೊಡೆದದ್ದು, ಎಂಬ ಪದವೂ ಟಂಕಸಾಲೆಯ ಹೆಸರೂ ಇಸವಿಯೂ ಇರುತ್ತವೆ. ದುರದೃಷ್ಟಕ್ಕೆ ಅಚ್ಚು ಬಿಲ್ಲೆಗಿಂತ ಅಗಲವಾಗಿರುತ್ತಿದ್ದುದರಿಂದ ಈ ಸುತ್ತುಬರಹದ ಅರ್ಧದಷ್ಟು ಎಷ್ಟೋ ನಾಣ್ಯಗಳಲ್ಲಿ ಬೆಳ್ಳಿಯಾಚೆ ಉಳಿದುಹೋಗಿದೆ. ಟಂಕಸಾಲೆ ‘ಅಹಸನಾಬಾದ್’ ಎಂದಿದ್ದರೆ ಅದು ಕಲಬುರಗಿ. ‘ಮಹಮ್ಮದಾಬಾದ್’ ಎಂದಿದ್ದರೆ ಬೀದರ್. ಫಿರೋಜನ ತಮ್ಮ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದವನಾದ್ದರಿಂದ, ಬೀದರಿನ ಹೆಸರು ಕಂಡರೆ ನಾಣ್ಯವು 1422ಕ್ಕಿಂತ ಹಿಂದಿನದಲ್ಲ.

ಇಸವಿ

ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕೆಗಳು ನಮ್ಮಂತೆಯೇ ಎಡದಿಂದ ಬಲಕ್ಕೆ. ಸೊನ್ನೆ ಎಂದರೆ ಬರೀ ಚುಕ್ಕೆ. ನಾವು ಸೊನ್ನೆ ಎಂದು ಓದಿಬಿಡುವ ಪುಟ್ಟ ಉಂಗುರ ಅಲ್ಲಿ ಐದು. ಒಂದು ಎಂದರೆ ನೆಟ್ಟ ಗೆರೆ. ಎಂಟು ಗುಡಿಸಲಿನ ಸೂರಿನಂತೆ ಇಳಿಜಾರಾದ ಎರಡು ಗೆರೆ, ಏಳು ಅದೇ ಸೂರನ್ನು ಮಗುಚಿಟ್ಟಂತೆ. ನಾಣ್ಯವನ್ನು ತಲೆಕೆಳಗೆ ಹಿಡಿದವರಿಗೆ 800ರ ದಶಕ 700 ಆಗುವುದು ಇಲ್ಲಿಯೇ. ಅದಕ್ಕೇ ಮೊದಲು ಅಕ್ಷರದಿಂದ ಮೇಲು ಕೆಳಗು ನಿಶ್ಚಯಿಸಿಕೊಂಡು ಆಮೇಲೆ ಅಂಕೆಗೆ ಬರಬೇಕು. ಆರು ನಮ್ಮ ಇಂದಿನ 7ರಂತೆಯೂ, ಒಂಬತ್ತು ಇಂದಿನ 9ರಂತೆಯೂ ಕಾಣುತ್ತವೆ.

ಹಿಜರಿಯನ್ನು ಕ್ರಿಸ್ತಶಕಕ್ಕೆ ತರಲು, ಹಿಜರಿ ಇಸವಿಯನ್ನು 33ರಿಂದ ಭಾಗಿಸಿ, ಬಂದದ್ದನ್ನು ಆ ಇಸವಿಯಿಂದಲೇ ಕಳೆದು, 622 ಕೂಡಿಸಿ. ಚಾಂದ್ರಮಾನ ವರ್ಷ ಹನ್ನೊಂದು ದಿನ ಚಿಕ್ಕದಾದ್ದರಿಂದ ಈ ಕಳೆಯುವ ಲೆಕ್ಕ. 809ನ್ನು 33ರಿಂದ ಭಾಗಿಸಿದರೆ ಇಪ್ಪತ್ತನಾಲ್ಕೂವರೆ, ಕಳೆದರೆ 784.5, 622 ಕೂಡಿಸಿದರೆ 1406.5. ಅಂದರೆ ಹಿಜರಿ 809 ಎಂಬುದು 1406ರ ನಡುವಿನಿಂದ 1407ರ ನಡುವಿನವರೆಗಿನ ವರ್ಷ. ಎರಡು ಇಸವಿಗಳ ಮೇಲೆ ಕಾಲಿಟ್ಟಿರುವುದರಿಂದ 1406–07 ಎಂದೇ ಬರೆಯುವುದು ಸರಿ.

ಕಾನೂನು, ಚೀಟಿ, ಡಬ್ಬಿ

ಮನೆಯಲ್ಲಿ ತಲೆಮಾರುಗಳಿಂದ ಬಂದ ನಾಣ್ಯ ಬೇರೆ, ಹೊಲ ಉಳುವಾಗ ಅಥವಾ ಪಾಯ ತೋಡುವಾಗ ಸಿಕ್ಕಿದ್ದು ಬೇರೆ. ನೆಲದಲ್ಲಿ ಸಿಕ್ಕ ನಿಧಿಯ ವಿಷಯಕ್ಕೆ 1962ರ ರಾಜ್ಯ ಕಾಯ್ದೆಯಿದೆ. ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಮಡಕೆಯೊಳಗೆ ನಾಣ್ಯಗಳಿದ್ದರೆ ಮಡಕೆಯ ಚೂರನ್ನೂ ಎಸೆಯದೆ, ನಾಣ್ಯಗಳನ್ನು ಹಂಚಿಕೊಳ್ಳದೆ, ಸಿಕ್ಕ ಜಾಗದಲ್ಲಿ ಗೂಟ ನೆಟ್ಟು ತಹಶೀಲ್ದಾರರಿಗೆ ಸುದ್ದಿ ಮುಟ್ಟಿಸಿ. ಒಂದೇ ಗಡಿಗೆಯಲ್ಲಿ ಯಾವ ಯಾವ ದೊರೆಗಳ ನಾಣ್ಯ ಒಟ್ಟಿಗಿದ್ದವು ಎನ್ನುವುದರಿಂದಲೇ ಆ ಗಡಿಗೆ ಯಾವ ವರ್ಷದ ಗಲಭೆಯಲ್ಲಿ ಹೂತದ್ದೆಂದು ಊಹಿಸಲು ಬರುತ್ತದೆ. ಬಿಡಿಬಿಡಿಯಾಗಿ ಮಾರಿಹೋದರೆ ಆ ದಾರಿ ಮುಚ್ಚಿತು. ಹಂಪಿಯಂಥ ಸಂರಕ್ಷಿತ ಜಾಗಗಳಲ್ಲಿ ಅಗೆಯುವುದಂತೂ ಅಪರಾಧ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾವಸ್ತು ಕಾಯ್ದೆಯಡಿ ಬರುವುದರಿಂದ ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ.

ಇಡುವುದಕ್ಕೆ ದುಬಾರಿ ಏರ್ಪಾಡು ಬೇಡ. ಮೆತ್ತಗೆ ಬಾಗುವ, ವಾಸನೆ ಬರುವ ಪ್ಲಾಸ್ಟಿಕ್ ಚೀಲಗಳು ಕೆಲ ವರ್ಷಗಳಲ್ಲಿ ಬೆವರಿ ನಾಣ್ಯಕ್ಕೆ ಹಸಿರು ಅಂಟು ಹಚ್ಚುತ್ತವೆ. ರಬ್ಬರ್ ಬ್ಯಾಂಡು, ಉಣ್ಣೆಯ ಬಟ್ಟೆ, ವೃತ್ತಪತ್ರಿಕೆ ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ಆಮ್ಲವಿಲ್ಲದ ಕಾಗದದ ಪುಟ್ಟ ಲಕೋಟೆ, ಅದಕ್ಕೊಂದು ಸ್ಟೀಲಿನ ಡಬ್ಬಿ, ಡಬ್ಬಿಯಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ ಇಷ್ಟು ಸಾಕು. ರಾಯಚೂರಿನ ಒಣ ಬೇಸಗೆ ನಾಣ್ಯಕ್ಕೆ ಒಳ್ಳೆಯದೇ. ಆಷಾಢದಿಂದ ದೀಪಾವಳಿಯವರೆಗೆ ಪೊಟ್ಟಣವನ್ನು ಒಂದೆರಡು ಸಲ ಬದಲಾಯಿಸಿ.

ಲಕೋಟೆಯ ಮೇಲೆ ನಾಣ್ಯ ಹಾಕುವ ಮೊದಲೇ, ಪೆನ್ಸಿಲಿನಲ್ಲಿ, ತೂಕ, ಅಗಲ, ಸಾಂದ್ರತೆ, ಎರಡೂ ಮುಖಗಳಲ್ಲಿ ಓದಲಾದದ್ದು, ಟಂಕಸಾಲೆ, ಇಸವಿ, ಯಾರಿಂದ ಯಾವ ಊರಿನಲ್ಲಿ ಬಂತು ಎಂಬುದನ್ನು ಬರೆಯಿರಿ. ಕಾಣದ್ದನ್ನು ಊಹಿಸಿ ತುಂಬಬಾರದು, ಅಡ್ಡಗೆರೆ ಹಾಕಿ ಬಿಡಬೇಕು. ನನ್ನ ಲಕೋಟೆಯ ಮೇಲಿರುವುದು ಹೀಗೆ: ಫಿರೋಜ್ ಶಾಹ, ಅಹಸನಾಬಾದ್, 10.94 ಗ್ರಾಂ, ಸಾಂದ್ರತೆ 10.32, ಅಜ್ಜನಿಂದ, ಮುದಗಲ್ಲು. ಫರಿಷ್ತಾನ ಪ್ರಕಾರ ಇದೇ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳ ನೆಪದಲ್ಲಿ 1406ರಲ್ಲಿ ಫಿರೋಜನಿಗೂ ವಿಜಯನಗರದ ದೇವರಾಯನಿಗೂ ಯುದ್ಧವಾಯಿತು. ನನ್ನ ಟಂಕವು ಆ ಯುದ್ಧಕ್ಕೆ ಮುಂಚೆ ಅಚ್ಚಾದದ್ದೋ, ದಂಡು ಊರಿನ ಮೇಲೆ ಹಾದುಹೋದ ವರ್ಷದ್ದೋ ಎಂದು ಹೇಳಬಲ್ಲದ್ದು ಕೊನೆಯ ಅಂಕೆಯೊಂದೇ ಆಗಿತ್ತು. ಇಸವಿಯ ಜಾಗದಲ್ಲಿ ಎಂಟು, ಚುಕ್ಕೆ, ಆಮೇಲೊಂದು ಅಡ್ಡಗೆರೆ ಹಾಕಿದ್ದೇನೆ. ಕೆಳಗೆ ಚಿಕ್ಕ ಅಕ್ಷರದಲ್ಲಿ, ‘ಹುಣಸೆಹಣ್ಣಿನಿಂದ ತೊಳೆದದ್ದು’.